ಗಿಟಾರಿಗೆ ಪಾಲಿಶ್ ಬೇಕಾ? ‘ಮನೆ ಮಂದಿ’ ಗುಂಪಿನ ಮಾತು

ಅಣ್ಣ: ತಿಲಕವಾಡಿ ಮನೆ ಖಾಲಿ ಮಾಡುವ ಮೊದಲು ಗಿಟಾರ್ ಮಾರಿಬಿಡೋಣ. ಮೂವರೂ ದುಡ್ಡು ಹಾಕಿ ತಂದದ್ದು, ಬಂದದ್ದು ಮೂರು ಪಾಲು. ಫೋಟೋ ಹಾಕಿದ್ದೇನೆ, ನೋಡಿ.

ಅಕ್ಕ: ಅಯ್ಯೋ, ಮುಂದೆಲ್ಲ ಗೀರು! ಪಕ್ಕದಲ್ಲಿ ಪಾಲಿಶ್ ಚಕ್ಕೆ ಎದ್ದಿದೆ. ಹೀಗೇ ಹಾಕಿದರೆ ಯಾರು ಕೇಳುತ್ತಾರೆ? ಮೊದಲು ಸರಿ ಮಾಡಿಸಿ.

ಕಾಕಾ: ಶಹಾಪುರದಲ್ಲಿ ನಮ್ಮ ಪಾಲಿಶ್‌ನವರು ಇದ್ದಾರೆ. ನಮ್ಮ ಬಾಗಿಲು, ಶೋಕೇಸ್ ಎಲ್ಲ ಅವರದೇ ಕೆಲಸ. ಉಜ್ಜಿ ಮೆಲಮೈನ್ ಸ್ಪ್ರೇ ಹೊಡೆದರೆ ಹೊಸದಾಗುತ್ತದೆ. ಎರಡು ಸಾವಿರದೊಳಗೆ ಮುಗಿಸುತ್ತಾರೆ.

ನಾನು: ಕಾಕಾ, ದಯವಿಟ್ಟು ಬೇಡ್ರೀ. ಬಾಗಿಲಿಗೆ ಪಾಲಿಶ್ ದಪ್ಪ ಬಿದ್ದರೂ ನಡೆಯುತ್ತದೆ, ಗಿಟಾರಿಗೆ ಹಾಗಲ್ಲ. ಮುಂದಿನ ಹಲಗೆ ನಡುಗಿದರೇ ನಾದ. ಅದರ ದಪ್ಪವೇ ಸುಮಾರು 3 ಮಿಲಿಮೀಟರ್. ಮೇಲೆ ಮತ್ತೆ ಮತ್ತೆ ಸ್ಪ್ರೇ ಹೊಡೆದರೆ ಸದ್ದು ಮಂಕಾಗುತ್ತದೆ. ಅದೂ ಅಲ್ಲದೆ ನಮ್ಮದು ಪ್ಲೈ. ಮೇಲಿನ ಸ್ಪ್ರೂಸ್ ಮರದ ಪದರ ತೀರಾ ತೆಳು. ಸ್ಯಾಂಡ್‌ಪೇಪರ್ ಸ್ವಲ್ಪ ಜೋರಾದರೆ ಕೆಳಗಿನ ಪದರ ಹೊರಗೆ ಬರುತ್ತದೆ. ಆಮೇಲೆ ಅದಕ್ಕೆ ಮದ್ದಿಲ್ಲ.

ಅಕ್ಕ: ಫೋಟೋದಲ್ಲಿ ನಾದ ಕೇಳಿಸುವುದಿಲ್ಲ ಅಲ್ವಾ? ಜನ ಮೊದಲು ನೋಡುವುದು ಅಂದವನ್ನೇ.

ನಾನು: ಫೋಟೋ ನೋಡಿ ಫೋನ್ ಮಾಡುತ್ತಾರೆ, ನುಡಿಸಿ ನೋಡಿ ದುಡ್ಡು ಕೊಡುತ್ತಾರೆ. ಹಳೆ ಗಿಟಾರಿನ ಮೇಲೆ ಹೊಸ ಹೊಳಪು ಕಂಡರೆ ‘ಒಳಗೆ ಏನು ಮುಚ್ಚಿದ್ದಾರೆ?’ ಅನ್ನುವ ಅನುಮಾನ ಬರುತ್ತದೆ. ನಾನು ಕೊಳ್ಳಲು ಹೋದರೂ ಅದನ್ನೇ ಕೇಳುತ್ತೇನೆ. ಹಳೆಯ, ಬೆಲೆಬಾಳುವ ಗಿಟಾರುಗಳಲ್ಲಂತೂ ಮೂಲ ಪಾಲಿಶ್ ತೆಗೆದರೆ ಬೆಲೆ ಇಳಿಯುತ್ತದೆ. ನಮ್ಮದು ಅಂಥದ್ದಲ್ಲ, ಆದರೂ ಸುಮ್ನೆ ದುಡ್ಡು ಸುರಿದು ಸದ್ದು ಯಾಕೆ ಕೆಡಿಸಬೇಕು?

ವೈನಿ: ಲೆಕ್ಕ ನೋಡಿ. ಹಾಗೇ ಕೊಟ್ಟರೆ ಐದು ಸಾವಿರ ಬಂತು ಅಂದುಕೊಳ್ಳೋಣ. ಪಾಲಿಶ್ ಮಾಡಿಸಿ ಏಳು ಸಾವಿರಕ್ಕೆ ಹೋದರೂ ಕೈಗೆ ಉಳಿಯುವುದು ಅಷ್ಟೇ. ಆರಕ್ಕೇ ನಿಂತರೆ ನಷ್ಟ.

ಕಾಕಾ: ಅದೂ ಖರೆ.

ಅಕ್ಕ: ಆಯ್ತು. ಮೂರನೇ ಫೋಟೋ ದೊಡ್ಡದು ಮಾಡಿ ನೋಡಿ. ತಂತಿಗಳ ತುದಿ ಸಿಕ್ಕಿಸಿದ ಮರದ ತುಂಡು ಇದೆಯಲ್ಲ, ಆ ಬ್ರಿಡ್ಜ್ ಹಿಂದೆ ಕಪ್ಪು ಗೆರೆ ಇದೆ. ಅದೂ ಬರೀ ಗೀರೇನಾ?

ನಾನು: ಒಳ್ಳೆಯದನ್ನೇ ಹಿಡಿದೆ ಅಕ್ಕ. ಅಣ್ಣ, ತೆಳು ಕಾಗದ ತಗೊಂಡು ಬ್ರಿಡ್ಜ್‌ನ ಹಿಂದಿನ ಅಂಚಿನ ಕೆಳಗೆ ತೂರಿಸಿ ನೋಡು. ಹಾಗೇ ಮೊಬೈಲ್ ಟಾರ್ಚ್, ಸಣ್ಣ ಕನ್ನಡಿ ಹಿಡಿದು ಒಳಗೆ ಹಲಗೆಗೆ ಆಸರೆಯಾಗಿರುವ ಮರದ ಪಟ್ಟಿಗಳು ಅಂಟು ಬಿಟ್ಟಿವೆಯಾ ನೋಡು. ಕುತ್ತಿಗೆಯ ಮೇಲಿನ 12ನೇ ಫ್ರೆಟ್, ಅಂದರೆ ಲೋಹದ ಅಡ್ಡಗೆರೆಯ ಮೇಲೆ ದಪ್ಪ ತಂತಿ ಎಷ್ಟು ಎತ್ತರ ಇದೆ, ಸ್ಕೇಲ್ ಹಿಡಿದು ಹೇಳು.

ಅಣ್ಣ: ಪಟ್ಟಿಗಳು ಗಟ್ಟಿ ಇವೆ. ಕಾಗದ ಮಾತ್ರ ಬ್ರಿಡ್ಜ್ ಕೆಳಗೆ ಚೆನ್ನಾಗಿಯೇ ಒಳಗೆ ಹೋಯಿತು. ತಂತಿ 4 ಮಿಲಿಮೀಟರ್ ಎತ್ತರ ಇದೆ.

ನಾನು: ಈಗಲೇ ತಂತಿ ಸಡಿಲ ಮಾಡು. 2.5ರ ಆಸುಪಾಸು ಇರಬೇಕಾದದ್ದು 4 ಇದೆ. ಇದು ಅಂದದ ಮಾತಲ್ಲ, ಬ್ರಿಡ್ಜ್ ಏಳುತ್ತಿದೆ. ಆರು ಉಕ್ಕಿನ ತಂತಿ ಸೇರಿ ಸುಮಾರು 70 ಕಿಲೋ ಭಾರದಷ್ಟು ಎಳೆಯುತ್ತವೆ. ಅಷ್ಟನ್ನೂ ತಡೆದು ಹಿಡಿಯುವುದು ಕೆಳಗಿನ ಅಂಟು. ಬೇಸಿಗೆಯೆಲ್ಲ ಅಕ್ಕನ ಹತ್ತಿರ ವಿಜಯಪುರದ ಒಣ ಬಿಸಿಲು, ಮಳೆಗಾಲದಲ್ಲಿ ಇಲ್ಲಿ ಬೆಳಗಾವಿಯ ಥಂಡಿ. ಮರ ಒಮ್ಮೆ ಕುಗ್ಗಿ ಒಮ್ಮೆ ಉಬ್ಬಿದರೆ ಅಂಟು ಎಷ್ಟು ತಾಳುತ್ತದೆ? ಪಾಲಿಶ್‌ಗೆ ಎತ್ತಿಟ್ಟ ದುಡ್ಡು ಇಲ್ಲಿಗೆ ಹಾಕೋಣ. ಕಲಿಯುವ ಹುಡುಗರು ಯಾರಾದರೂ ತಗೊಂಡು, ಎತ್ತರದ ತಂತಿ ಒತ್ತಿ ಬೆರಳು ನೋಯಿಸಿಕೊಂಡು, ಕೊನೆಗೆ ಬ್ರಿಡ್ಜ್ ಕಿತ್ತು ಬರಬಾರದು.

ಕಾಕಾ: ಮೀರಜ್‌ಗೆ ಒಯ್ದರೆ? ಇಲ್ಲಿಂದ ನೇರ ರೈಲಿದೆ. ತಲೆಮಾರುಗಳಿಂದ ಸಿತಾರ್ ಮಾಡುವ ಮನೆತನಗಳಿವೆ ಅಲ್ಲಿ.

ನಾನು: ಹೌದು ಕಾಕಾ, ಅಲ್ಲಿಯ ಸಿತಾರ್, ತಂಬೂರಿಗೆ 2024ರಲ್ಲಿ ಜಿಐ ಟ್ಯಾಗ್, ಅಂದರೆ ಆ ಊರಿನದೇ ವಿಶೇಷ ಅನ್ನುವ ಸರ್ಕಾರಿ ಗುರುತು ಕೂಡ ಬಂತು. ಮರ, ಅಂಟು ಎರಡೂ ಬಲ್ಲವರು. ಆದರೆ ಗಿಟಾರ್ ಬ್ರಿಡ್ಜ್ ಅಂಟಿಸಿ ಗೊತ್ತಾ ಅಂತ ಮೊದಲೇ ಫೋನಲ್ಲಿ ಕೇಳಿ. ಹಳೆ ಅಂಟು ಪೂರಾ ಕೆರೆದು ತೆಗೆಯಬೇಕು, ಮರದ ಅಂಟು ಹಚ್ಚಬೇಕು, ಕ್ಲ್ಯಾಂಪ್ ಹಾಕಿ ಒಂದು ದಿನ ಬಿಡಬೇಕು. ಸಂದಿಗೆ ಸೂಪರ್ ಗ್ಲೂ ಬಿಟ್ಟು ಒತ್ತುತ್ತೇವೆ ಅಂದರೆ ಬೇಡ.

ಅಕ್ಕ: ಬ್ರಿಡ್ಜ್‌ಗೆ ಒಪ್ಪಿದೆ. ಗೀರೂ ಇರಲಿ. ಆದರೆ ಪಕ್ಕದಲ್ಲಿ ಎದ್ದ ಚಕ್ಕೆ ಬಿಡಬಾರದು. ನುಡಿಸುವಾಗ ಕೈ ಅಲ್ಲೇ ಊರುತ್ತದೆ, ಚುಚ್ಚುತ್ತದೆ. ಸೀರೆ ಸಿಕ್ಕಿ ದಾರ ಎದ್ದದ್ದು ನೆನಪಿದೆ ನನಗೆ.

ನಾನು: ಅದು ನ್ಯಾಯ. ಅಲ್ಲಿ ಸೂಪರ್ ಗ್ಲೂ ನಡೆಯುತ್ತದೆ. ಒಂದು ಹನಿ ಬಿಟ್ಟು, ಒಣಗಿದ ಮೇಲೆ ಅಷ್ಟೇ ಜಾಗ ಸಮ ಮಾಡಿಸೋಣ. ಗುರುತು ಉಳಿಯುತ್ತದೆ, ಚುಚ್ಚುವುದಿಲ್ಲ. ಉಳಿದದ್ದು ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು. ವೈನಿ, ಕಾರಿನ ಪಾಲಿಶ್ ಮಾತ್ರ ಹಚ್ಚಬೇಡಿ. ಅದರಲ್ಲಿ ಸಿಲಿಕೋನ್ ಇದ್ದರೆ ಮುಂದೆ ಬಣ್ಣದ ಕೆಲಸ ಮಾಡುವವರಿಗೆ ಬಹಳ ಕಷ್ಟ.

ವೈನಿ: ಹಚ್ಚುವುದಿಲ್ಲ. ಜಾಹೀರಾತು ನಾನೇ ಬರೆದೆ, ನೋಡಿ: ‘ಅಕೌಸ್ಟಿಕ್ ಗಿಟಾರ್, ತಿಲಕವಾಡಿ. ಬ್ರಿಡ್ಜ್ ಎದ್ದಿತ್ತು, ಅಂಟಿಸಿದೆ. ಹೊಸ ತಂತಿ. ಮುಂದೆ ಗೀರುಗಳಿವೆ, ಫೋಟೋ ನೋಡಿ. ಬಂದು ನುಡಿಸಿ ನೋಡಬಹುದು. ಆರು ಸಾವಿರ.’

ಅಣ್ಣ: ಅಂಟಿಸಿದ್ದನ್ನೂ ಹೇಳಬೇಕಾ? ಬೆಲೆ ಇಳಿಸುತ್ತಾರೆ.

ನಾನು: ಹೇಳಲೇಬೇಕು ಅಣ್ಣ. ಇಳಿಸಿದರೆ ಐದಕ್ಕೆ ಕೊಡೋಣ, ಅದರ ಕೆಳಗೆ ಬೇಡ.

ಅಕ್ಕ: ನನ್ನದೂ ಅದೇ. ಕೆಲಸ ಮುಗಿದ ಮೇಲೆ ಬ್ರಿಡ್ಜ್ ಫೋಟೋ ಹತ್ತಿರದಿಂದ ತೆಗೆದು ಹಾಕು. ರಶೀದಿ ಕೊಟ್ಟರೆ ಅದನ್ನೂ ಸೇರಿಸು.

ಕಾಕಾ: ನಾಳೆ ಮೀರಜ್‌ಗೆ ಫೋನ್ ಮಾಡಿ ಹೇಳುತ್ತೇನೆ.