ಉಬ್ಬಿದ ಲ್ಯಾಪ್‌ಟಾಪ್ ಬ್ಯಾಟರಿ ಮನೆಯಲ್ಲಿದೆ, ಯಾರಿಗೆ ಕೊಡಬೇಕು?

ಪ್ರಶ್ನೆ (ಸೇಡಂ ರಸ್ತೆ, ಕಲಬುರಗಿ): ನಮಸ್ಕಾರ ಅಣ್ಣಾ. ನೀವು ಲ್ಯಾಪ್‌ಟಾಪ್ ರಿಪೇರಿ ಮಾಡುವವರು ಅಂತ ಇಲ್ಲಿ ಕೇಳುತ್ತಿದ್ದೇನೆ. ಮಗಳ ಹಳೆಯ ಲ್ಯಾಪ್‌ಟಾಪ್ ಎರಡು ವರ್ಷದಿಂದ ಅಟ್ಟದ ಮೇಲಿತ್ತು. ನಿನ್ನೆ ಇಳಿಸಿ ನೋಡಿದರೆ ಟಚ್‌ಪ್ಯಾಡ್ ಮೇಲಕ್ಕೆ ಎದ್ದಿದೆ, ಕೆಳಗಿನ ಮುಚ್ಚಳ ಬಾಯಿ ಬಿಟ್ಟಿದೆ. ಕಸದ ಗಾಡಿಗೆ ಹಾಕು ಅಂತಾರೆ ಮನೆಯವರು. ಗುಜರಿಯವನು 50 ರೂಪಾಯಿ ಕೊಡ್ತೀನಿ ಅಂದ. ಏನು ಮಾಡಲಿ?

ಉತ್ತರ: ಅಕ್ಕಾ, ಎರಡೂ ಬೇಡ. ಮೊದಲು ಆ ಲ್ಯಾಪ್‌ಟಾಪನ್ನು ಚಾರ್ಜಿಗೆ ಹಾಕಬೇಡಿ, ಆನ್ ಆಗುತ್ತಾ ಅಂತ ನೋಡೋದೂ ಬೇಡ. ಮುಚ್ಚಳ ಎದ್ದಿದೆ ಅಂತ ಒತ್ತಿ ಕೂರಿಸಬೇಡಿ. ಒಳಗೆ ಬ್ಯಾಟರಿ ಉಬ್ಬಿದೆ. ಅದರಲ್ಲಿರುವ ದ್ರವ ಕೆಟ್ಟು ಅನಿಲ ಆಗಿ ಚೀಲ ತುಂಬಿಕೊಂಡಿದೆ. ಗಾಳಿ ಹೋಗಲಿ ಅಂತ ಸೂಜಿ ಚುಚ್ಚುವವರನ್ನು ನಾನೇ ನೋಡಿದ್ದೇನೆ. ದಯವಿಟ್ಟು ಯಾರೂ ಹಾಗೆ ಮಾಡಬೇಡಿ.

ಹೆಚ್ಚಿನವರು ತಪ್ಪು ತಿಳಿಯುವುದು ಇಲ್ಲೇ. ಬ್ಯಾಟರಿ ಸತ್ತಿದೆ ಅಂತೀವಿ. ಲ್ಯಾಪ್‌ಟಾಪ್ ನಡೆಸೋಕೆ ಆಗದಷ್ಟು ಕೆಟ್ಟಿದೆ ನಿಜ, ಆದರೆ ಒಳಗೆ ಕರೆಂಟ್ ಇನ್ನೂ ಉಳಿದಿರುತ್ತದೆ. ಬ್ಯಾಟರಿಯೊಳಗೆ ಸೆಲ್ ಅನ್ನುವ ಚಿಕ್ಕ ಚಿಕ್ಕ ಘಟಕ ಇರುತ್ತವೆ. ಒಂದೊಂದರಲ್ಲೂ ತಾಮ್ರದ ತೆಳು ಹಾಳೆ, ಅಲ್ಯೂಮಿನಿಯಂ ಹಾಳೆ, ಮಧ್ಯೆ ಪ್ಲಾಸ್ಟಿಕ್‌ನ ಒಂದು ಪೊರೆ. ಪೊರೆ ಹರಿದು ಎರಡು ಹಾಳೆ ತಾಗಿದರೆ ಅಲ್ಲೇ ಬಿಸಿ ಏರುತ್ತದೆ, ಆ ಬಿಸಿಗೆ ಪಕ್ಕದ ಸೆಲ್ಲೂ ಕೆಡುತ್ತದೆ.

ಕೆಲವು ವರ್ಷದ ಹಿಂದೆ ಬೇಸಿಗೆಯಲ್ಲಿ ನನ್ನ ಅಂಗಡಿಯಲ್ಲೇ ಆಯಿತು. ಕೆಲಸಕ್ಕೆ ಬರುವ ಹುಡುಗ ಅಂಟಿಸಿದ್ದ ಬ್ಯಾಟರಿಯನ್ನು ಕಬ್ಬಿಣದ ಸ್ಕ್ರೂಡ್ರೈವರಿನಿಂದ ಮೀಟಿದ. ಮೊದಲು ಉಗುರಿನ ಬಣ್ಣ ಒರೆಸುವ ದ್ರವದ ಹಾಗೆ ಸಿಹಿ ವಾಸನೆ. ಆಮೇಲೆ ಕುಕ್ಕರ್ ಸೀಟಿಗೆ ಮುಂಚೆ ಬರುತ್ತಲ್ಲ, ಅಂಥ ಸುಯ್ ಸದ್ದು. ಬಿಳಿ ಹೊಗೆ. ಅವನನ್ನು ಹೊರಗೆ ಎಳೆದುಕೊಂಡು ಬಂದೆ. ಪುಣ್ಯಕ್ಕೆ ಯಾರಿಗೂ ಏನೂ ಆಗಲಿಲ್ಲ. ಮೇಜಿನ ಮೇಲೆ ಅಂಗೈ ಅಗಲದ ಕಪ್ಪು ಕಲೆ ಇವತ್ತಿಗೂ ಇದೆ. ಅಂದಿನಿಂದ ನಮ್ಮಲ್ಲಿ ಬ್ಯಾಟರಿ ಬಿಡಿಸೋದು ಪ್ಲಾಸ್ಟಿಕ್ ಕಾರ್ಡಿನಿಂದ ಮಾತ್ರ, ಅದೂ ನಾನೇ.

ಕಸದ ಗಾಡಿಯಲ್ಲಿ ಎಲ್ಲವನ್ನೂ ಅದುಮಿ ತುಂಬುತ್ತಾರೆ. ಅಲ್ಲಿ ಇದು ಹೊತ್ತಿಕೊಂಡರೆ ಗಾಡಿ ಮೇಲೆ ನಿಂತ ಪೌರಕಾರ್ಮಿಕರ ಗತಿ ಏನು? ಗುಜರಿಗೆ ಕೊಟ್ಟರೆ ತಾಮ್ರಕ್ಕೋಸ್ಕರ ಯಾರೋ ಕಲ್ಲಿನಿಂದ ಒಡೆಯುತ್ತಾರೆ. ಹಾಗೆ ಒಡೆಯುವವರು ಎಷ್ಟೋ ಸಲ ಸಣ್ಣ ಹುಡುಗರು. ಆ 50 ರೂಪಾಯಿ ನಮಗೆ ಬೇಡ ಅಕ್ಕಾ.

ಪ್ರಶ್ನೆ (ಅದೇ ಅಕ್ಕ): ಅಯ್ಯೋ, ಕೇಳಿಯೇ ಕೈಕಾಲು ನಡುಗುತ್ತಿದೆ. ಹಾಗಾದರೆ ಇವತ್ತು ರಾತ್ರಿ ಎಲ್ಲಿಡಲಿ?

ಉತ್ತರ: ಗಾಬರಿ ಬೇಡ. ಸುಮ್ನೆ ಇಟ್ಟಿದ್ದು ತಾನಾಗೇ ಹೊತ್ತಿಕೊಳ್ಳುವುದು ಅಪರೂಪ. ಚುಚ್ಚಿದರೆ, ಒತ್ತಿದರೆ, ಚಾರ್ಜ್ ಮಾಡಿದರೆ, ಕಾಯಿಸಿದರೆ ಅಪಾಯ ಜಾಸ್ತಿ. ಅಟ್ಟಕ್ಕೆ ಮತ್ತೆ ಏರಿಸಬೇಡಿ. ನಮ್ಮೂರಲ್ಲಿ ಮೇ ತಿಂಗಳಲ್ಲಿ ನೆರಳಲ್ಲೇ 42, 43 ಡಿಗ್ರಿ ಇರುತ್ತದೆ, ತಗಡಿನ ಕೆಳಗೆ ಇನ್ನೂ ಮೇಲೆ. ನೆಲದ ಮೇಲೆ, ತಂಪು ಮೂಲೆಯಲ್ಲಿ, ಬಟ್ಟೆ, ಪೇಪರ್, ಸಿಲಿಂಡರ್ ಯಾವುದೂ ಹತ್ತಿರ ಇಲ್ಲದ ಕಡೆ ಇಡಿ. ಮಕ್ಕಳ ಕೈಗೆ ಸಿಗಬಾರದು.

ನಿಮ್ಮದು ಒಳಗೆ ಕೂತ ಬ್ಯಾಟರಿ, ಹಾಗಾಗಿ ಲ್ಯಾಪ್‌ಟಾಪ್ ಸಮೇತ ಹಾಗೇ ಇರಲಿ, ನೀವು ಬಿಚ್ಚಬೇಡಿ. ಹಳೆಯ ಮಾದರಿಯಲ್ಲಿ ಕೆಳಗೆ ಲಾಕ್ ಸರಿಸಿದರೆ ಕಳಚಿ ಬರುವ ಬ್ಯಾಟರಿ ಇರುತ್ತದೆ. ಅದು ಉಬ್ಬದೆ ಸಲೀಸಾಗಿ ಬಂದರೆ ತೆಗೆದು, ಹಿತ್ತಾಳೆ ಬಣ್ಣದ ಪಿನ್‌ಗಳ ಮೇಲೆ ಸೆಲೋ ಟೇಪ್ ಇಲ್ಲವೇ ಇನ್ಸುಲೇಶನ್ ಟೇಪ್ ಅಂಟಿಸಿ. ಒಂದು ಮಣ್ಣಿನ ಗಡಿಗೆಯಲ್ಲಿ ಒಣ ಉಸುಕು ಹಾಕಿ ಅದರೊಳಗೆ ಇಡಿ. ಉಸುಕು ಹಸಿ ಇರಬಾರದು. ಮೇಲೆ ಬಿಗಿ ಮುಚ್ಚಳ ಹಾಕಬೇಡಿ, ಅನಿಲ ಬಂದರೆ ಹೋಗಲು ದಾರಿ ಬೇಕು. ನನ್ನ ಅಂಗಡಿಯ ಹಿಂದೆ ಇಂಥ ಎರಡು ಗಡಿಗೆ ಇವೆ.

ಹೊಗೆ ಬಂತೋ, ಮುಟ್ಟಲು ಹೋಗದೆ ಎಲ್ಲರೂ ಹೊರಗೆ ಬನ್ನಿ, 112ಕ್ಕೆ ಫೋನ್ ಮಾಡಿ. ಆ ಹೊಗೆ ಎದೆಗೆ ಹೋಗಬಾರದು.

ಪ್ರಶ್ನೆ (ಆಳಂದ ಕಡೆಯ ವಿದ್ಯಾರ್ಥಿ): ಸರ್, ಉಪ್ಪುನೀರಿನಲ್ಲಿ ಮುಳುಗಿಸಿಟ್ಟರೆ ಕರೆಂಟ್ ಇಳಿದು ಸುರಕ್ಷಿತ ಆಗುತ್ತೆ ಅಂತ ವಿಡಿಯೋದಲ್ಲಿ ನೋಡಿದೆ. ಇನ್ನೊಂದು, ಒಳಗಿನ ಉದ್ದನೆಯ ಸೆಲ್‌ಗಳನ್ನು ತೆಗೆದು ಪವರ್‌ಬ್ಯಾಂಕ್ ಮಾಡಬಹುದಾ?

ಉತ್ತರ: ಉಪ್ಪುನೀರು ಬೇಡ ತಮ್ಮಾ. ಹೊರಗಿನ ಪಿನ್ ತುಕ್ಕು ಹಿಡಿದು ಸಂಪರ್ಕ ಕಡಿಯುತ್ತದೆ, ಒಳಗಿನ ಕರೆಂಟ್ ಅಲ್ಲೇ ಉಳಿಯುತ್ತದೆ. ಖಾಲಿ ಆಯಿತು ಅಂತ ನೀನು ಅಂದುಕೊಳ್ಳುತ್ತೀಯ, ಅದೇ ಅಪಾಯ. ಮೇಲೆ ಆ ನೀರು ಬೇರೆ ಕೊಳೆ, ಅದನ್ನು ಎಲ್ಲಿ ಚೆಲ್ಲುವುದು?

ಪವರ್‌ಬ್ಯಾಂಕ್ ವಿಷಯ. ನೀನು ಹೇಳುವ ಸೆಲ್‌ಗೆ 18650 ಅಂತಾರೆ. 18 ಮಿಲಿಮೀಟರ್ ದಪ್ಪ, 65 ಮಿಲಿಮೀಟರ್ ಉದ್ದ. ಆರು ಸೆಲ್‌ನ ಪ್ಯಾಕ್‌ನಲ್ಲಿ ಎಷ್ಟೋ ಸಲ ಒಂದೆರಡು ಮಾತ್ರ ಕೆಟ್ಟಿರುತ್ತವೆ, ಉಳಿದವು ಚೆನ್ನಾಗಿರುತ್ತವೆ, ಅದು ನಿಜ. ಆದರೆ ಯಾವುದು ಚೆನ್ನಾಗಿದೆ ಅಂತ ಹೊರಗಿನಿಂದ ಗೊತ್ತಾಗಲ್ಲ. ಒಂದೊಂದನ್ನೂ ಚಾರ್ಜ್ ಮಾಡಿ ಇಳಿಸಿ ಅಳೆಯುವ ಯಂತ್ರ ಬೇಕು, ಹೆಚ್ಚು ಚಾರ್ಜ್ ಆಗದಂತೆ ತಡೆಯುವ ಬೋರ್ಡ್ ಬೇಕು, ಸೆಲ್ ಕಾಯದಂತೆ ಕ್ಷಣದಲ್ಲಿ ಬೆಸೆಯುವ ಸ್ಪಾಟ್ ವೆಲ್ಡಿಂಗ್ ಬೇಕು. ಸೆಲ್ 4.2 ವೋಲ್ಟ್ ದಾಟಬಾರದು. ಬೆಸುಗೆ ಕಡ್ಡಿ ಇಟ್ಟು ಸೆಲ್ಲನ್ನೇ ಕಾಯಿಸಿ ಜೋಡಿಸಿದ ಪವರ್‌ಬ್ಯಾಂಕ್‌ಗಳು ನನ್ನ ಹತ್ತಿರ ರಿಪೇರಿಗೆ ಬಂದಿವೆ, ನಾನು ಮುಟ್ಟಿಲ್ಲ. ನಿನಗೆ ಈ ಕೆಲಸದಲ್ಲಿ ಆಸಕ್ತಿ ಇದ್ದರೆ ಕಾಲೇಜಿನ ಲ್ಯಾಬ್‌ನಲ್ಲಿ, ಗುರುಗಳ ಎದುರು ಕಲಿ. ಹಾಸ್ಟೆಲ್ ಕೋಣೆಯಲ್ಲಿ ಬೇಡ.

ಪ್ರಶ್ನೆ (ಶಹಾಪುರದ ಶಿಕ್ಷಕಿ): ಸರ್, ಕೊನೆಗೆ ಕೊಡುವುದು ಯಾರಿಗೆ? ನಮ್ಮ ಶಾಲೆಯಲ್ಲಿ ಒಂಬತ್ತು ಹಳೆಯ ಬ್ಯಾಟರಿ ಇವೆ. ಮನೆಯ ಯುಪಿಎಸ್ ಬ್ಯಾಟರಿಯನ್ನು ಅಂಗಡಿಯವರೇ ತಗೊಂಡು ಹಣ ಮುರಿದುಕೊಂಡರು. ಇದಕ್ಕೆ ಯಾಕೆ ಹಾಗಿಲ್ಲ?

ಉತ್ತರ: ಒಳ್ಳೆಯ ಪ್ರಶ್ನೆ ಮೇಡಂ. ಯುಪಿಎಸ್ ಬ್ಯಾಟರಿಯಲ್ಲಿ ಇರುವುದು ಸೀಸ. ಅದನ್ನು ಕರಗಿಸಿ ಮತ್ತೆ ಬ್ಯಾಟರಿ ಮಾಡುವುದು ಹಳೆಯ ಉದ್ಯಮ, ಅದಕ್ಕೇ ಕಿಲೋ ಲೆಕ್ಕದಲ್ಲಿ ಬೆಲೆ ಇದೆ. ಲ್ಯಾಪ್‌ಟಾಪ್‌ನದು ಲಿಥಿಯಂ ಬ್ಯಾಟರಿ. ಅದರ ಕರೆಂಟನ್ನು ಮೊದಲು ಪೂರ್ತಿ ಇಳಿಸಬೇಕು, ಗಾಳಿ ಸೋಕದಂತೆ ಪುಡಿ ಮಾಡಬೇಕು, ಬಂದ ಕಪ್ಪು ಪುಡಿಯನ್ನು ಆಮ್ಲದಲ್ಲಿ ಕರಗಿಸಿ ಕೋಬಾಲ್ಟ್, ನಿಕ್ಕಲ್, ಲಿಥಿಯಂ ಬೇರೆ ಮಾಡಬೇಕು. ಇದು ಕಾರ್ಖಾನೆಯ ಕೆಲಸ. ನಿಮ್ಮ ಯಾದಗಿರಿ ಜಿಲ್ಲೆಯಲ್ಲೇ ಅಣುಶಕ್ತಿ ಇಲಾಖೆಯವರು ನೆಲದಲ್ಲಿ ಲಿಥಿಯಂ ಹುಡುಕಿದ್ದಾರೆ. ಅಷ್ಟು ಕಷ್ಟಪಟ್ಟು ಹುಡುಕುವ ಸಾಮಾನು ನಿಮ್ಮ ಶಾಲೆಯ ಕಪಾಟಿನಲ್ಲೂ ಇದೆ.

2022ರ ಆಗಸ್ಟ್‌ನಲ್ಲಿ ಬ್ಯಾಟರಿ ತ್ಯಾಜ್ಯದ ಹೊಸ ನಿಯಮ ಬಂತು. ಮಾರಿದ ಕಂಪನಿಯೇ ಹಳೆಯ ಬ್ಯಾಟರಿಯನ್ನು ವಾಪಸ್ ಪಡೆದು ಮರುಬಳಕೆಗೆ ಕಳಿಸಬೇಕು ಅನ್ನುತ್ತದೆ. ಬೇರೆ ಕಸದ ಜತೆ ಸೇರಿಸದೆ ಕೊಡುವುದು ನಮ್ಮ ಪಾಲಿನ ಕೆಲಸ. ಬ್ಯಾಟರಿ ಮೇಲೆ ಗಾಲಿ ಇರುವ ಕಸದ ಡಬ್ಬಿಗೆ ಕಾಟು ಹಾಕಿದ ಗುರುತು ನೋಡಿ, ಅದರ ಅರ್ಥ ಇದೇ. ಹಾಗಾಗಿ ಮೊದಲು ಬ್ರ್ಯಾಂಡ್‌ನ ಸರ್ವಿಸ್ ಸೆಂಟರ್ ಕೇಳಿ. ಡೆಲ್, ಎಚ್‌ಪಿ, ಲೆನೊವೊ ಮೂರೂ ಕಂಪನಿಗಳು ಭಾರತದಲ್ಲಿ ಹಳೆಯದನ್ನು ವಾಪಸ್ ಪಡೆಯುವ ವ್ಯವಸ್ಥೆ ಇಟ್ಟಿವೆ, ಅವರ ವೆಬ್‌ಸೈಟ್‌ನಲ್ಲಿ ಅರ್ಜಿ ಹಾಕಬಹುದು. ಅಲ್ಲಿ ಆಗದಿದ್ದರೆ ಮಾಲಿನ್ಯ ನಿಯಂತ್ರಣ ಮಂಡಳಿಯಲ್ಲಿ ನೋಂದಣಿ ಆದ ಮರುಬಳಕೆದಾರರು ಯಾರು ಅಂತ ಕಲಬುರಗಿಯ ಪ್ರಾದೇಶಿಕ ಕಚೇರಿಯಲ್ಲಿ ಕೇಳಿ. ಯಾರಿಗೆ ಕೊಟ್ಟರೂ ರಸೀದಿ ತಗೊಳ್ಳಿ. ಶಾಲೆಯ ಸಾಮಾನು ಸ್ಟಾಕ್ ರಿಜಿಸ್ಟರ್‌ನಲ್ಲಿ ಇರುತ್ತದೆ ಅಲ್ವಾ, ಮೊದಲು ಹೆಡ್‌ಮಾಸ್ಟರ್ ಮೂಲಕ ಇಲಾಖೆಯ ಒಪ್ಪಿಗೆ ಪಡೆಯಿರಿ. ಉಬ್ಬಿದ್ದನ್ನು ಮಾತ್ರ ಅಂಚೆ, ಕೊರಿಯರ್ ಯಾವುದರಲ್ಲೂ ಕಳಿಸಬೇಡಿ.

2016ರ ಘನತ್ಯಾಜ್ಯ ನಿಯಮದಲ್ಲಿ ಇನ್ನೊಂದು ಮಾತಿತ್ತು. ಮನೆಯ ಅಪಾಯಕಾರಿ ಕಸಕ್ಕೆ ಸ್ಥಳೀಯ ಸಂಸ್ಥೆ 20 ಚದರ ಕಿಲೋಮೀಟರಿಗೆ ಒಂದರಂತೆ ಸಂಗ್ರಹ ಕೇಂದ್ರ ಮಾಡಬೇಕು ಅಂತ. ನಿಮ್ಮ ವಾರ್ಡಿನ ಸದಸ್ಯರನ್ನು ಕಂಡಾಗ ಅಂಥ ಕೇಂದ್ರ ಎಲ್ಲಿದೆ ಅಂತ ಕೇಳಿ. ನಾನಂತೂ ಕೇಳುತ್ತಲೇ ಇದ್ದೇನೆ.

ಪ್ರಶ್ನೆ (ಸೇಡಂ ರಸ್ತೆಯ ಅಕ್ಕ): ಅಣ್ಣಾ, ನಿಮ್ಮ ಅಂಗಡಿಗೆ ತಂದುಕೊಟ್ಟರೆ ಬಿಚ್ಚಿ ಕೊಡುತ್ತೀರಾ? ಮಗಳ ಫೋಟೋಗಳೂ ಅದರಲ್ಲಿವೆ.

ಉತ್ತರ: ತನ್ನಿ ಅಕ್ಕಾ. ಬ್ಯಾಟರಿ ಬೇರೆ ಮಾಡಿ ನಮ್ಮ ಗಡಿಗೆಗೆ ಹಾಕುತ್ತೇನೆ, ಒಂದಿಷ್ಟು ಸೇರಿದ ಮೇಲೆ ನೋಂದಾಯಿತರಿಗೆ ಕೊಡುತ್ತೇನೆ. ಹಾರ್ಡ್‌ಡಿಸ್ಕ್ ತೆಗೆದು ನಿಮ್ಮ ಕೈಗೇ ಕೊಡುತ್ತೇನೆ, ಫೋಟೋ ಅದರಲ್ಲೇ ಇರುತ್ತವೆ. ಸ್ಕೂಟರ್ ಸೀಟಿನ ಕೆಳಗೆ ಇಟ್ಟು ತರಬೇಡಿ, ಅಲ್ಲಿ ಒಲೆಯಂತೆ ಕಾಯುತ್ತದೆ. ಆಟೋದಲ್ಲಿ, ಬಿಸಿಲು ಇಳಿದ ಮೇಲೆ, ತೆರೆದ ಕೈಚೀಲದಲ್ಲಿ, ಮೇಲೆ ಏನನ್ನೂ ಹೇರದೆ ತನ್ನಿ. ಸಂಜೆ ಎಂಟರವರೆಗೆ ನಾನಿರುತ್ತೇನೆ.