ಭಾನುವಾರಕ್ಕೆ ಎಷ್ಟು ಎಲೆ?

ವಾಟ್ಸಾಪ್ ಗುಂಪು: ಹೊಸಮನೆ ಬಳಗ

ವಿನಯ, 8:12
(ಚಿತ್ರ: ಬರಿಗಾಲಿನ ಮಗು, ಕೆಳಗೆ ಕೆಂಪು ಅಕ್ಷರ) "ಒಂದು ಗುಂಡನ್ನೂ ಹಾರಿಸದೆ 5 ಲಕ್ಷ ಮಕ್ಕಳನ್ನು ಕೊಂದರು. ಇರಾಕ್, 1990–2003. ಇದಕ್ಕೆ ಅವರಿಟ್ಟ ಹೆಸರು ಆರ್ಥಿಕ ನಿರ್ಬಂಧ."
ಎಲ್ಲರೂ ಓದಿ, ಮುಂದಕ್ಕೆ ಕಳುಹಿಸಿ.

ಲಲಿತಾ, 8:14
ಭಾನುವಾರದ ನಾಮಕರಣಕ್ಕೆ ಯಾರ ಮನೆಯಿಂದ ಎಷ್ಟು ಎಲೆ ಎಂದು ಮಧ್ಯಾಹ್ನವೇ ಕೇಳಿದ್ದೆ. ಅಡುಗೆಯವರು ಎರಡು ಸಲ ಫೋನ್ ಮಾಡಿದರು. ಇಲ್ಲಿ ಚಿತ್ರ ಬಂತು, ಉತ್ತರ ಬರಲಿಲ್ಲ.

ಸುಬ್ಬಣ್ಣ, 8:17
ವಿನಯ, ಕುವೈತ್‌ಗೆ ನುಗ್ಗಿದವನು ಇರಾಕ್ ಆಳುತ್ತಿದ್ದ ಸದ್ದಾಮ್ ಎಂಬುದನ್ನು ನಿನ್ನ ಚಿತ್ರ ಹೇಳುವುದಿಲ್ಲ. 1990ರಲ್ಲಿ ಮಂಗಳೂರು, ಉಡುಪಿ ಕಡೆಯವರು ಹತ್ತು ವರ್ಷದ ದುಡಿಮೆಯನ್ನೆಲ್ಲ ಅಲ್ಲೇ ಬಿಟ್ಟು ಉಟ್ಟ ಬಟ್ಟೆಯಲ್ಲಿ ಬಂದಿಳಿದದ್ದು ನನಗೆ ನೆನಪಿದೆ. ಏರ್ ಇಂಡಿಯಾ ಒಂದೂ ಮುಕ್ಕಾಲು ಲಕ್ಷದಷ್ಟು ಭಾರತೀಯರನ್ನು ಹೊತ್ತು ತಂದಿತು. ಅಂಥವನಿಗೆ ದಂಡ ಬೇಡವೇ? ಬಾಂಬ್ ಹಾಕುವುದಕ್ಕಿಂತ ವ್ಯಾಪಾರ ನಿಲ್ಲಿಸುವುದು ಮೇಲು.

ವಿನಯ, 8:20
ಬಾಂಬನ್ನೂ ಹಾಕಿದರು, ವ್ಯಾಪಾರವನ್ನೂ ನಿಲ್ಲಿಸಿದರು ಮಾವ. ದಂಡ ತೆತ್ತದ್ದು ಸದ್ದಾಮ್ ಅಲ್ಲ, ಅವನು ಅರಮನೆ ಕಟ್ಟಿಸುತ್ತಲೇ ಇದ್ದ. ಅರ್ಧ ಮಿಲಿಯನ್ ಮಕ್ಕಳು ಸತ್ತಿದ್ದಾರಂತೆ, ಇಷ್ಟು ಬೆಲೆ ತೆರಬೇಕೇ ಎಂದು 1996ರಲ್ಲಿ ಟಿವಿಯಲ್ಲಿ ಕೇಳಿದಾಗ ಮೆಡಲಿನ್ ಆಲ್‌ಬ್ರೈಟ್ ತೆರಬಹುದು ಎಂದೇ ಹೇಳಿದರು. ಆಗ ಅವರು ವಿಶ್ವಸಂಸ್ಥೆಯಲ್ಲಿ ಅಮೆರಿಕದ ರಾಯಭಾರಿ.

ರಾಘವೇಂದ್ರ, 8:26
ವಿನಯ, ಆ ಚಿತ್ರವನ್ನು ಅಳಿಸು. ಆ ಸಂಖ್ಯೆ ಸುಳ್ಳು.

ವಿನಯ, 8:26
ದೊಡ್ಡಪ್ಪ, ನೀವೇ ಹೀಗೆ ಹೇಳಿದರೆ? ಬಾಗ್ದಾದ್‌ನಲ್ಲಿ ನಾಲ್ಕು ವರ್ಷ ಇದ್ದವರು ನೀವು.

ರಾಘವೇಂದ್ರ, 8:27
ಇದ್ದೆ, ಆಮೇಲೆ ಹೋಗಿಯೂ ಬಂದೆ. ಅದಕ್ಕೇ ಹೇಳುತ್ತಿದ್ದೇನೆ.

ಸುಮಾ, 8:33
ವಿನಯ, ದೊಡ್ಡಪ್ಪ ಹೇಳುವುದು ಸರಿ. ಈ 5 ಲಕ್ಷಕ್ಕೆ ಎಲ್ಲರೂ ತೋರಿಸುವ ಆಧಾರ 1999ರ ಯುನಿಸೆಫ್ ಸಮೀಕ್ಷೆ. ಇರಾಕ್‌ನ ಮಧ್ಯ ಮತ್ತು ದಕ್ಷಿಣ ಭಾಗದಲ್ಲಿ ಐದು ವರ್ಷದೊಳಗಿನ ಮಕ್ಕಳ ಸಾವು ಸಾವಿರಕ್ಕೆ 56 ಇದ್ದದ್ದು 131 ಆಯಿತು ಎಂದು ಅದರಲ್ಲಿತ್ತು. ಮನೆ ಮನೆಗೆ ಹೋಗಿ ಲೆಕ್ಕ ತಂದವರು ಇರಾಕ್ ಸರ್ಕಾರದ ನೌಕರರು. ಸದ್ದಾಮ್ ಹೋದ ಮೇಲೆ ಒಂದಲ್ಲ, ಹಲವು ಸಮೀಕ್ಷೆಗಳು ನಡೆದವು. ಆ ಏರಿಕೆ ಯಾವುದರಲ್ಲೂ ಕಾಣಲಿಲ್ಲ. ಅಂಕಿಗಳನ್ನು ತಿರುಚಲಾಗಿತ್ತು ಎಂದು 2017ರಲ್ಲಿ ಸಂಶೋಧಕರು ವಿವರವಾಗಿಯೇ ಬರೆದರು.

ಸುಬ್ಬಣ್ಣ, 8:35
ಹಾಗಾದರೆ ಮುಗಿಯಿತು. ಅವನು ಸುಳ್ಳು ಹೇಳಿದ, ಜಗತ್ತು ಮರುಗಿತು. 1998ರಲ್ಲಿ ಪೋಖ್ರಾನ್ ಅಣುಪರೀಕ್ಷೆ ಆದ ಮೇಲೆ ನಮ್ಮ ಮೇಲೂ ನಿರ್ಬಂಧ ಹಾಕಿದ್ದರು. ನಮ್ಮಲ್ಲಿ ಯಾರ ಮನೆಯ ಒಂದು ಹೊತ್ತಿನ ಅನ್ನ ತಪ್ಪಿತು?

ಲಲಿತಾ, 8:36
ಇವರು ಅನ್ನ ಕಲಸಿಟ್ಟು ಎಡಗೈಯಲ್ಲಿ ಟೈಪ್ ಮಾಡುತ್ತಿದ್ದಾರೆ. ಇವರದು ತಪ್ಪುವ ಹಾಗಿದೆ.

ಸುಮಾ, 8:41
ಮಾವ, ಎರಡಕ್ಕೂ ಹೆಸರು ಒಂದೇ, ಆದರೆ ಅಜಗಜಾಂತರ. ನಮಗೆ ನಿಲ್ಲಿಸಿದ್ದು ನೆರವು, ಸಾಲ, ತಂತ್ರಜ್ಞಾನ. ತೇಜಸ್ ವಿಮಾನದ ಕೆಲಸಕ್ಕೆಂದು ಅಮೆರಿಕಕ್ಕೆ ಹೋಗಿದ್ದ ಬೆಂಗಳೂರಿನ ಎಂಜಿನಿಯರುಗಳು ಪೆಟ್ಟಿಗೆ ಕಟ್ಟಿಕೊಂಡು ವಾಪಸು ಬಂದರು. ಆದರೆ ನಮ್ಮ ಭತ್ತ ನಮ್ಮ ಗದ್ದೆಯಲ್ಲೇ ಇತ್ತು. ಇರಾಕ್ ಉಣ್ಣುತ್ತಿದ್ದ ಆಹಾರದಲ್ಲಿ ಮೂರನೇ ಎರಡು ಪಾಲು ಹೊರಗಿನಿಂದ ಬರುತ್ತಿತ್ತು, ಅದಕ್ಕೆ ಹಣ ತೈಲದಿಂದ. 1990ರ ಆಗಸ್ಟ್ 6ರಂದು ಭದ್ರತಾ ಮಂಡಳಿಯ 661ನೇ ನಿರ್ಣಯ ಆ ತೈಲದ ಮಾರಾಟವನ್ನೇ ನಿಲ್ಲಿಸಿತು. ಔಷಧಕ್ಕೆ ವಿನಾಯಿತಿ ಇತ್ತು, ನಿಜ. ಅಂಗಡಿಯ ಬಾಗಿಲು ತೆರೆದಿಟ್ಟು ಗಿರಾಕಿಯ ಜೇಬು ಹೊಲಿದ ಹಾಗೆ.

ರಾಘವೇಂದ್ರ, 8:58
ಭಾವ, ಸಂಖ್ಯೆ ಸುಳ್ಳು ಎಂದೆ. ಏನೂ ಆಗಲಿಲ್ಲ ಎನ್ನಲಿಲ್ಲ.

1999ರ ಡಿಸೆಂಬರ್‌ನಲ್ಲಿ ಕೆಲಸದ ಮೇಲೆ ಮತ್ತೆ ಹೋಗಿದ್ದೆ. ಮಾಮೂಲಿ ವಿಮಾನಗಳೇ ಇರಲಿಲ್ಲ. ಅಮ್ಮಾನ್‌ನಿಂದ ದೊಡ್ಡ ಜಿಎಂಸಿ ಗಾಡಿಯಲ್ಲಿ ಮರುಭೂಮಿ ಹಾದು ಹಗಲು ರಾತ್ರಿ ಸೇರಿ ಹದಿನಾಲ್ಕು ಗಂಟೆ. ಮೊದಲಿದ್ದಾಗ ಸರ್ಕಾರಿ ದರದಲ್ಲಿ ಒಂದು ದಿನಾರ್ ಎಂದರೆ ಮೂರು ಡಾಲರ್. ಈ ಸಲ ನೂರು ಡಾಲರ್ ಬಿಚ್ಚಿಸಿದರೆ ಸದ್ದಾಮನ ಮುಖವಿದ್ದ 250ರ ನೋಟಿನ ಏಳೆಂಟು ಕಟ್ಟು ಕೊಟ್ಟರು. ತೆಳು ಕಾಗದ, ಬೆರಳಿಗೆ ಬಣ್ಣ ಹತ್ತುತ್ತಿತ್ತು. ಜೇಬಿನಲ್ಲಿ ಹಿಡಿಸದೆ ತರಕಾರಿ ಚೀಲದಲ್ಲಿ ಹಾಕಿಕೊಂಡೆ.

ಹಿಂದೆ ನನ್ನ ಜೊತೆ ಕೆಲಸ ಮಾಡಿದ್ದ ಇರಾಕಿ ಎಂಜಿನಿಯರ್ ಒಬ್ಬರ ಮನೆಗೆ ಹೋದೆ. ಹಗಲು ನೀರು ಸರಬರಾಜಿನ ಕೆಲಸ, ಸಂಜೆ ಟ್ಯಾಕ್ಸಿ ಓಡಿಸುತ್ತಿದ್ದರು. ಹೆಂಡತಿ ಶಾಲಾ ಶಿಕ್ಷಕಿ. 1995ರಲ್ಲಿ ಆಕೆಯ ತಿಂಗಳ ಸಂಬಳಕ್ಕೆ ಮೂವತ್ತು ಮೊಟ್ಟೆಯ ಒಂದು ಟ್ರೇ ಬರುತ್ತಿತ್ತಂತೆ. ಒಳಕೋಣೆಗಳಿಗೆ ಬಾಗಿಲುಗಳಿರಲಿಲ್ಲ, ಪರದೆ ಕಟ್ಟಿದ್ದರು. ಬಾಗಿಲುಗಳನ್ನು ಚೌಕಟ್ಟಿನ ಸಮೇತ ಮಾರಿದ್ದರು. ಅದಕ್ಕೆ ಮೊದಲು ಪುಸ್ತಕಗಳು ಮುತನಬ್ಬಿ ಬೀದಿಗೆ ಹೋಗಿದ್ದವು. ಅಲ್ಲಿ ಶುಕ್ರವಾರ ಪಾದಚಾರಿ ಹಾದಿಯ ಮೇಲೆ ಹಳೆಯ ಪುಸ್ತಕ ಹರಡಿ ಮಾರುತ್ತಾರೆ, ಆ ವರ್ಷಗಳಲ್ಲಿ ಹರಡಿದವರೆಲ್ಲ ಮೇಷ್ಟರು, ವೈದ್ಯರು, ಪ್ರಾಧ್ಯಾಪಕರು.

ಅವರ ಕಚೇರಿಗೆ ಹೊಸ ಪಂಪ್‌ಗಳು ಬಂದಿದ್ದವು. ನಡೆಸುವ ವಿದ್ಯುತ್ ಪ್ಯಾನೆಲ್ ಬಂದಿರಲಿಲ್ಲ. ಎಂಟು ತಿಂಗಳಿಂದ ಪಂಪ್‌ಗಳ ಮೇಲೆ ಟಾರ್ಪಾಲು ಹೊದಿಸಿಟ್ಟಿದ್ದರು.

ಸುಮಾ, 9:02
ಅದು ಅವರೊಬ್ಬರ ಕಥೆಯಲ್ಲ. ಯುದ್ಧಕ್ಕೆ ಬಳಕೆಯಾದೀತು ಎಂಬ ಗುಮಾನಿ ಬಂದರೆ ಭದ್ರತಾ ಮಂಡಳಿಯ ನಿರ್ಬಂಧ ಸಮಿತಿಯ ಹದಿನೈದು ಸದಸ್ಯ ದೇಶಗಳಲ್ಲಿ ಯಾವುದೊಂದಾದರೂ ಆಮದಿನ ಗುತ್ತಿಗೆಯನ್ನು ತಡೆಹಿಡಿಯಬಹುದಿತ್ತು. ಹೆಚ್ಚಾಗಿ ತಡೆದದ್ದು ಅಮೆರಿಕ, ಬಿಟ್ಟರೆ ಬ್ರಿಟನ್. 2002ರಲ್ಲಿ ಹೀಗೆ ತಡೆದಿಟ್ಟದ್ದರ ಮೊತ್ತ 500 ಕೋಟಿ ಡಾಲರ್ ದಾಟಿತ್ತು. ವಿದ್ಯುತ್ ಸ್ಥಾವರಗಳನ್ನು ಮೊದಲು ಕೆಡವಿದ್ದು 1991ರ ಬಾಂಬ್‌ಗಳು, ಅದನ್ನು ನಿರ್ಬಂಧದ ತಲೆಗೆ ಕಟ್ಟಬಾರದು. ದುರಸ್ತಿಗೆ ಬಿಡದಿದ್ದುದನ್ನು ಕಟ್ಟಬಹುದು.

ಸುಬ್ಬಣ್ಣ, 9:06
ಆಹಾರಕ್ಕೆ ಬದಲಾಗಿ ತೈಲ ಎಂಬ ಯೋಜನೆ ಇತ್ತಲ್ಲ? ಇಷ್ಟು ತೈಲ ಮಾರಿ ಅನ್ನ, ಔಷಧ ಕೊಂಡುಕೋ ಎಂದು 1991ರಲ್ಲೇ ಹೇಳಿದರೆ ಸದ್ದಾಮ್ ಬೇಡ ಎಂದ. ಒಪ್ಪಿದ್ದು 1996ರಲ್ಲಿ. ನಡುವಿನ ಐದು ವರ್ಷದ ಹಸಿವು ಯಾರ ಲೆಕ್ಕಕ್ಕೆ?

ರಾಘವೇಂದ್ರ, 9:08
ಅವನ ಲೆಕ್ಕಕ್ಕೇ. ಅದರಲ್ಲಿ ನನಗೂ ನಿಮಗೂ ಜಗಳವಿಲ್ಲ ಭಾವ. ಯೋಜನೆ ಬಂದ ಮೇಲೂ ಇರಾಕ್‌ಗೆ ಸರಕು ಮಾರುವವರಿಂದ ಶೇಕಡಾ ಹತ್ತು ಲಂಚ ಕಿತ್ತುಕೊಂಡ. ಆ ಯೋಜನೆಯ ಅಕ್ರಮವನ್ನು ತನಿಖೆ ಮಾಡಿದ ವಿಶ್ವಸಂಸ್ಥೆಯ ವೋಲ್ಕರ್ ಸಮಿತಿಯ ವರದಿಯಲ್ಲಿ ಲಂಚ ಕೊಟ್ಟ ಕಂಪನಿಗಳೇ ಎರಡು ಸಾವಿರಕ್ಕೂ ಹೆಚ್ಚು. ನಮ್ಮ ವಿದೇಶಾಂಗ ಮಂತ್ರಿಯಾಗಿದ್ದ ನಟವರ್ ಸಿಂಗ್ ಅವರ ಮಂತ್ರಿಗಿರಿಗೆ ಕುತ್ತು ಬಂದದ್ದೂ ಅದೇ ವರದಿಯಿಂದ.

ಸುಬ್ಬಣ್ಣ, 9:09
ಪಡಿತರ ಇತ್ತೇ? ತಲಾ ಎಷ್ಟು?

ವಿನಯ, 9:09
ಮಾವನ ಇಲಾಖೆ ಬಂತು.

ರಾಘವೇಂದ್ರ, 9:17
ಇತ್ತು, 1990ರ ಸೆಪ್ಟೆಂಬರ್‌ನಿಂದಲೇ. ಮೊದಮೊದಲು ಅರೆಹೊಟ್ಟೆಗೆ ಸಾಲುವಷ್ಟು. ನಾನು ಹೋದಾಗ ತಲೆಗೆ ತಿಂಗಳಿಗೆ ಗೋಧಿ ಹಿಟ್ಟು 9 ಕೆ.ಜಿ., ಅಕ್ಕಿ ಸುಮಾರು 3, ಸಕ್ಕರೆ 2, ಜೊತೆಗೆ ಎಣ್ಣೆ, ಬೇಳೆ, ಚಹಾ ಪುಡಿ, ಸೋಪು. ಹಸುಗೂಸು ಇದ್ದರೆ ಹಾಲಿನ ಪುಡಿ. ಎಲ್ಲಕ್ಕೂ ಸೇರಿ 250 ದಿನಾರ್, ಅಂದಿನ ನಮ್ಮ ಐದಾರು ರೂಪಾಯಿ. ಮಾಂಸವಿಲ್ಲ, ಹಣ್ಣಿಲ್ಲ, ತರಕಾರಿಯಿಲ್ಲ. ಕೇರಿಗೊಬ್ಬ ಏಜೆಂಟ್, ದೇಶದಲ್ಲಿ ನಲವತ್ತು ಸಾವಿರಕ್ಕೂ ಹೆಚ್ಚು.

ಆ ಮನೆಯಲ್ಲಿ ಚಹಾ ಕೊಟ್ಟರು. ಅಲ್ಲಿ ಸಣ್ಣ ಗಾಜಿನ ಲೋಟದಲ್ಲಿ ಅರ್ಧ ಸಕ್ಕರೆಯೇ ಇರುತ್ತದೆ, ನಿಮಗೆ ಗೊತ್ತಿರಲಿಕ್ಕಿಲ್ಲ. ಆಕೆ ಡಬ್ಬಿ ತೆರೆದು ಚಮಚ ಅದ್ದಿದಾಗ ತಳ ಕೆರೆದ ಸದ್ದು ಕೇಳಿತು. ತಿಂಗಳು ಮುಗಿಯಲು ಇನ್ನೂ ಹತ್ತು ದಿನ. ನನಗೆ ಸಕ್ಕರೆ ಕಾಯಿಲೆ ಎಂದುಬಿಟ್ಟೆ.

ಸುಬ್ಬಣ್ಣ, 9:23
ಮೂವತ್ತೊಂದು ವರ್ಷ ಆಹಾರ ಇಲಾಖೆಯಲ್ಲಿ ಇದ್ದವನು ನಾನು. ಒಂದು ತಾಲ್ಲೂಕಿಗೆ ತಿಂಗಳ ಮೊದಲ ವಾರ ಚೀಟಿ ಹಂಚಿ ಅಕ್ಕಿ ಮುಟ್ಟಿಸುವಷ್ಟರಲ್ಲಿ ಹೈರಾಣಾಗುತ್ತಿದ್ದೆವು. ಇಡೀ ದೇಶಕ್ಕೆ ಹಂಚುತ್ತಿದ್ದನೆಂದರೆ ಆ ವ್ಯವಸ್ಥೆಯನ್ನು ಮೆಚ್ಚಬೇಕು. ಕಾರ್ಡ್ ಕೊಡುತ್ತಿದ್ದುದು ಯಾರು?

ರಾಘವೇಂದ್ರ, 9:25
ಸರ್ಕಾರ. ವಾಣಿಜ್ಯ ಸಚಿವಾಲಯ.

ಸುಬ್ಬಣ್ಣ, 9:29
ಅಂದರೆ ಸದ್ದಾಮ್.

ಕಾರ್ಡ್ ಯಾರ ಕೈಯಲ್ಲಿದೆಯೋ ಕೇರಿ ಅವನ ಕೈಯಲ್ಲಿ. ಚುನಾವಣೆ ಬಂದಾಗ, ಕಾರ್ಡ್ ರದ್ದಾಗುತ್ತದೆ ಎಂದು ಬರೀ ಗಾಳಿಸುದ್ದಿ ಹಬ್ಬಿದರೂ ಜನ ಬೆಳಗಿನ ಜಾವ ಬಂದು ನಮ್ಮ ಕಚೇರಿಯ ಮುಂದೆ ನಿಲ್ಲುತ್ತಿದ್ದರು. ಅದು ಸುಳ್ಳು ಎಂದು ನಾವೇ ಹೇಳಿದರೂ ಕದಲುತ್ತಿರಲಿಲ್ಲ. ಅಲ್ಲಿ ಹೊರಗೆ ಕೊಳ್ಳುವ ಶಕ್ತಿಯೇ ಇಲ್ಲದವರು ತಿರುಗಿ ಬೀಳುವುದು ಹೇಗೆ?

ರಾಘವೇಂದ್ರ, 9:31
ನಾನು ಇಷ್ಟು ಹೊತ್ತು ಸುತ್ತಿ ಬಳಸಿ ಹೇಳುತ್ತಿದ್ದುದು ಇದನ್ನೇ. ಮೊದಲು ಮೇಷ್ಟರಿಗೆ ಸಂಬಳವಿತ್ತು, ಸರ್ಕಾರವನ್ನು ಮನೆಯೊಳಗಾದರೂ ಬೈಯುತ್ತಿದ್ದರು. ನಿರ್ಬಂಧ ಸಂಬಳವನ್ನು ತಿಂದಿತು, ಉಗ್ರಾಣದ ಬೀಗದ ಕೈಯನ್ನು ಸದ್ದಾಮನ ಸೊಂಟಕ್ಕೆ ಸಿಕ್ಕಿಸಿತು.

ಸುಬ್ಬಣ್ಣ, 9:34
ಇರಾಕ್ ವಿಷಯ ಒಪ್ಪಿದೆ. ಎಲ್ಲ ಕಡೆಗೂ ಒಪ್ಪುವುದಿಲ್ಲ. ದಕ್ಷಿಣ ಆಫ್ರಿಕಾದ ಜೊತೆ ನಾವು 1946ರಲ್ಲೇ ವ್ಯಾಪಾರ ಮುರಿದೆವು, ಅದು ತಪ್ಪೇ?

ಸುಮಾ, 9:36
ಅಲ್ಲ ಮಾವ. ಅಲ್ಲಿ ‘ನಮ್ಮ ಮೇಲೆ ಬಿದ್ದರೂ ಸರಿ, ಬಹಿಷ್ಕರಿಸಿ’ ಎಂದು ಜಗತ್ತನ್ನು ಕೇಳಿಕೊಂಡದ್ದು ವರ್ಣಭೇದದ ವಿರುದ್ಧ ಹೋರಾಡುತ್ತಿದ್ದ ಎಎನ್‌ಸಿ ಪಕ್ಷವೇ. ಬಾಗ್ದಾದ್‌ನ ಆ ಶಿಕ್ಷಕಿಯನ್ನು ಯಾರು ಕೇಳಿದ್ದರು?

ಸುಬ್ಬಣ್ಣ, 9:37
ಅದನ್ನು ನೋಡೋಣ. ಊಟ ಆರಿದೆ.

ವಿನಯ, 9:40
ಚಿತ್ರ ಅಳಿಸಿದೆ. ಆದರೆ ಒಂದು ಮಾತು ದೊಡ್ಡಪ್ಪ. 5 ಲಕ್ಷ ಎಂದರೆ ಜನ ನಿಂತು ಓದುತ್ತಾರೆ. ಒಂದು ಟ್ರೇ ಮೊಟ್ಟೆ, ಎರಡು ಕಿಲೋ ಸಕ್ಕರೆ ಎಂದರೆ ಯಾರು ಓದುತ್ತಾರೆ?

ರಾಘವೇಂದ್ರ, 9:41
ಭಾವ ಓದಿದರಲ್ಲ.

ಲಲಿತಾ, 9:44
ರಾಘು, ಆ ಸಕ್ಕರೆ ಕಾಯಿಲೆ ಸುಳ್ಳೇ? ನಿನಗೆಂದು ಭಾನುವಾರ ಸಪ್ಪೆ ಪಾಯಸ ಬೇರೆ ಮಾಡಿಸಲು ಹೇಳಿದ್ದೇನೆ. ಬೇಡವೆಂದರೆ ಈಗಲೇ ಹೇಳು.

ರಾಘವೇಂದ್ರ, 9:45
ಆಗ ಇರಲಿಲ್ಲ ಅಕ್ಕ, ಈಗ ಇದೆ. ನಮ್ಮ ಮನೆಯಿಂದ ಮೂರು ಎಲೆ.