ಬೆಂಜ್ ಇ 240 (ಡಬ್ಲ್ಯು 211, 2004): ಬಿಸಿಯಲ್ಲಿ ಸೆಲ್ಫ್ ತಿರುಗುತ್ತದೆ, ಎಂಜಿನ್ ಹಿಡಿಯುವುದಿಲ್ಲ

ಕುಂಬಳೆ_14:
ಪೆಟ್ರೋಲ್, ಆಟೋಮ್ಯಾಟಿಕ್ ಗಾಡಿ. ಕುಂಬಳೆಯಿಂದ ಮಂಗಳೂರಿಗೆ ಹೋಗಿ ಆಫ್ ಮಾಡಿ, ಹತ್ತು-ಹದಿನೈದು ನಿಮಿಷ ಬಿಟ್ಟು ಕೀ ತಿರುಗಿಸಿದರೆ ಸೆಲ್ಫ್ ಗಟ್ಟಿಯಾಗಿಯೇ ತಿರುಗುತ್ತದೆ, ಎಂಜಿನ್ ಮಾತ್ರ ಹಿಡಿಯುವುದಿಲ್ಲ. ಬಾನೆಟ್ ತೆಗೆದು ಅರ್ಧ-ಮುಕ್ಕಾಲು ಗಂಟೆ ಬಿಟ್ಟರೆ ಎಂತದೂ ಆಗದ ಹಾಗೆ ಸ್ಟಾರ್ಟ್. ದಿನಾ ಆಗುವುದೂ ಇಲ್ಲ. ಗ್ಯಾರೇಜಿನವರು ಬ್ಯಾಟರಿ ಹೊಸತು ಹಾಕಿದ್ದಾರೆ, ಹನ್ನೆರಡೂ ಪ್ಲಗ್ ಬದಲಾಯಿಸಿದ್ದಾರೆ. ಸ್ಕ್ಯಾನರಿನಲ್ಲಿ ದೋಷದ ಕೋಡ್ ಇಲ್ಲ. ಸ್ಟಾರ್ಟ್ ಆಗದಿದ್ದಾಗ ಹಿಂದಿನ ಸೀಟಿನ ಹತ್ತಿರ ಪಂಪಿನ ಶಬ್ದ ಕೇಳುವುದಿಲ್ಲ, ಹಾಗಾಗಿ ಪಂಪ್ ಹಾಕೋಣ ಅನ್ನುತ್ತಿದ್ದಾರೆ. ಮಳೆ ಹಿಡಿದ ಮೇಲೆ ಇನ್ನೊಂದು ಉಂಟು: ಕೆಲವು ದಿನ ಬೆಳಿಗ್ಗೆ ತಣ್ಣಗಿದ್ದಾಗಲೂ ಎರಡು ಸಲ ಸೆಲ್ಫ್ ಹೊಡೆಯಬೇಕು. ಪಂಪಿಗೆ ದುಡ್ಡು ಹಾಕುವ ಮೊದಲು ಎಂತ ನೋಡಬೇಕು?

ಬದಿಯಡ್ಕ_ವಯರಿಂಗ್:
ಪಂಪ್ ಬೇಡ, ಸ್ವಲ್ಪ ತಡೆಯಿರಿ. ನಿಮ್ಮ ಗಾಡಿಯದ್ದು ಎಂ 112 ಎಂಜಿನ್. ಅದು ಬಿಸಿಯಲ್ಲಿ ಸತ್ತು ತಣಿದ ಮೇಲೆ ಎದ್ದರೆ ಮೊದಲ ಅನುಮಾನ ಕ್ರ್ಯಾಂಕ್ ಸೆನ್ಸರ್ ಮೇಲೆ, ಅಂದರೆ ಎಂಜಿನ್ ತಿರುಗುವುದನ್ನು ಅಳೆಯುವ ಸೆನ್ಸರ್.

ಈ ಸೆನ್ಸರ್ ಇರುವುದು ಎಂಜಿನ್ನಿನ ಹಿಂಬದಿ, ಗೇರ್‌ಬಾಕ್ಸ್ ಸೇರುವ ಬೆಲ್ ಹೌಸಿಂಗ್ ಮೇಲೆ. ಒಳಗೆ ತೆಳು ತಂತಿಯ ಕಾಯಿಲ್. ವರ್ಷಗಟ್ಟಲೆ ಕಾದು ಕಾದು ತಂತಿ ಒಳಗೇ ಬಿರುಕು ಬಿಡುತ್ತದೆ. ಬಿಸಿಗೆ ಹಿಗ್ಗಿದಾಗ ಸಂಪರ್ಕ ತಪ್ಪುತ್ತದೆ, ತಣಿದಾಗ ಮತ್ತೆ ಕೂಡುತ್ತದೆ. ಓಡುವಾಗ ಗಾಳಿ, ಕೂಲಂಟ್ ಎರಡೂ ಬಿಸಿ ಎಳೆಯುತ್ತವೆ. ಆಫ್ ಮಾಡಿದ ಮೇಲೆ ಎರಡೂ ನಿಂತು ಆ ಮೂಲೆ ಇನ್ನಷ್ಟು ಕಾಯುತ್ತದೆ. ನಿಮ್ಮ ಹತ್ತು-ಹದಿನೈದು ನಿಮಿಷದ ಲೆಕ್ಕ ಅದೇ.

ಪಂಪಿನ ಶಬ್ದ ಇಲ್ಲ ಅಂದದ್ದರಲ್ಲೇ ಗ್ಯಾರೇಜಿನವರು ದಾರಿ ತಪ್ಪಿದ್ದು. ಕೀ ಎರಡನೇ ಪಾಯಿಂಟಿಗೆ ಬಂದಾಗ ಇಸಿಯು (ಎಂಜಿನ್ ಕಂಪ್ಯೂಟರ್) ಪಂಪನ್ನು ಒಂದೆರಡು ಸೆಕೆಂಡ್ ಮಾತ್ರ ಓಡಿಸುತ್ತದೆ. ಆಮೇಲೆ ಎಂಜಿನ್ ತಿರುಗುತ್ತಿದೆ ಎಂದು ಕ್ರ್ಯಾಂಕ್ ಸೆನ್ಸರ್ ಹೇಳಿದರೆ ಮಾತ್ರ ಪಂಪ್ ರಿಲೇ ಹಿಡಿದಿರುತ್ತದೆ. ಸೆನ್ಸರ್ ಸುಮ್ಮನಾದರೆ ಸ್ಪಾರ್ಕ್ ಇಲ್ಲ, ಇಂಜೆಕ್ಟರ್ ಇಲ್ಲ, ಪಂಪೂ ಇಲ್ಲ. ಒಳ್ಳೆಯ ಪಂಪನ್ನು ಬಿಚ್ಚಿ ಬಿಸಾಡುವುದು ಹೀಗೆಯೇ. ಕೋಡ್ ಇಲ್ಲದ್ದೂ ಆಶ್ಚರ್ಯವಲ್ಲ: ನಿಂತ ಎಂಜಿನ್‌ಗೂ ಸತ್ತ ಸೆನ್ಸರಿಗೂ ಇಸಿಯುಗೆ ವ್ಯತ್ಯಾಸ ತಿಳಿಯುವುದಿಲ್ಲ. ಓಡುವಾಗಲೇ ಸಿಗ್ನಲ್ ತಪ್ಪಿದರೆ ಕ್ರ್ಯಾಂಕ್ ಸೆನ್ಸರಿನ ಕೋಡ್ ಪಿ0335 ಬಂದೀತು.

ನೋಡುವ ಕ್ರಮ: ಎಂಜಿನ್ ಡೇಟಾ ಫೋನಿನಲ್ಲಿ ತೋರಿಸುವ ಅಗ್ಗದ ಬ್ಲೂಟೂತ್ ಓಬಿಡಿ ಡಾಂಗಲ್ ಒಂದು ಗಾಡಿಯಲ್ಲೇ ಇಟ್ಟುಕೊಳ್ಳಿ. ಸ್ಟಾರ್ಟ್ ಆಗದ ಹೊತ್ತಿಗೇ, ತಣಿಯಲು ಬಿಡದೆ, ಲೈವ್ ಡೇಟಾದಲ್ಲಿ ಆರ್‌ಪಿಎಂ ಇಟ್ಟು ಸೆಲ್ಫ್ ಹೊಡೆಯಿರಿ. 150ರಿಂದ 250ರ ನಡುವೆ ತೋರಿಸಿದರೆ ಸೆನ್ಸರ್ ಸರಿ ಉಂಟು, ಪೆಟ್ರೋಲ್ ಕಡೆ ಹೋಗಿ. ಸೊನ್ನೆಯಲ್ಲೇ ನಿಂತರೆ ಸೆನ್ಸರ್, ಇಲ್ಲವೇ ಅದರ ವಯರ್. ತಣ್ಣಗಿದ್ದಾಗ ಮಲ್ಟಿಮೀಟರಿನಲ್ಲಿ ಓಮ್ ನೋಡಿ ಪಾಸ್ ಮಾಡಬೇಡಿ. ಕೆಟ್ಟದ್ದೂ ಆಗ ಸರಿಯಾಗಿಯೇ ತೋರಿಸುತ್ತದೆ.

ಬದಲಾಯಿಸಲು ಒಂದೇ ಬೋಲ್ಟ್, ಇ8 ಹೊರ-ಟಾರ್ಕ್ಸ್. ಕಾಲಿಂಚಿನ ರ‍್ಯಾಚೆಟ್, ಉದ್ದದ ಎಕ್ಸ್‌ಟೆನ್ಶನ್ ಬೇಕು, ಕೈ ಹೋಗುವ ಜಾಗ ಕಡಿಮೆ. ಎಂಜಿನ್ ಪೂರ್ತಿ ತಣಿದಿರಲಿ. ಬೋಲ್ಟ್ ಬೀಳಿಸಿದರೆ ಹುಡುಕುವ ಕೆಲಸವೇ ದೊಡ್ಡದು, ಸಾಕೆಟ್ ಬಾಯಿಗೆ ಸ್ವಲ್ಪ ಗ್ರೀಸ್ ಹಚ್ಚಿ. ಸೆನ್ಸರಿನ ಮ್ಯಾಗ್ನೆಟ್ಟಿಗೆ ಕಬ್ಬಿಣದ ಪುಡಿ ಅಂಟಿರುತ್ತದೆ, ಕೂರುವ ಜಾಗ ಒರೆಸಿ. ಗ್ಯಾಪ್ ಹೊಂದಿಸುವ ಕೆಲಸ ಇಲ್ಲ. ಕಪ್ಲರಿನಲ್ಲಿ ಎಣ್ಣೆ ಉಂಟಾ, ವಯರಿನ ಮೇಲ್ಪದರ ಒಣಗಿ ಒಡೆದಿದೆಯಾ ನೋಡಿಯೇ ಮುಚ್ಚಿ. ಚಾಸಿ ನಂಬರ್ ಕೊಟ್ಟು ಒರಿಜಿನಲ್ ಅಥವಾ ಬಾಷ್ ತರಿಸಿ. ಹೆಸರಿಲ್ಲದ ಅಗ್ಗದ್ದು ಹಾಕಿದರೆ ಇದೇ ಪ್ರಶ್ನೆ ಮತ್ತೆ ಹಾಕುತ್ತೀರಿ.

ಉಪ್ಪಳ_ಪೆಟ್ರೋಲ್:
ಇ20 (ಶೇ. 20 ಎಥನಾಲ್ ಬೆರೆಸಿದ) ಪೆಟ್ರೋಲ್ ಬಿಸಿಗೆ ಆವಿಯಾಗಿ ಪೈಪಿನಲ್ಲಿ ಕಟ್ಟಿಕೊಂಡು ವೇಪರ್ ಲಾಕ್ ಆಗಿರಬಹುದಲ್ಲ?

ಬದಿಯಡ್ಕ_ವಯರಿಂಗ್:
ಕಾರ್ಬ್ಯುರೇಟರ್ ಗಾಡಿಯಾದರೆ ಒಪ್ಪುತ್ತಿದ್ದೆ. ಇದರಲ್ಲಿ ಪಂಪ್ ಟ್ಯಾಂಕಿನೊಳಗೇ ಉಂಟು, ರೈಲಿನಲ್ಲಿ, ಅಂದರೆ ಇಂಜೆಕ್ಟರುಗಳಿಗೆ ಪೆಟ್ರೋಲ್ ಹಂಚುವ ಪೈಪಿನಲ್ಲಿ, ಸುಮಾರು 3.8 ಬಾರ್ ಒತ್ತಡ ಇರುತ್ತದೆ. ಅಷ್ಟು ಒತ್ತಡದಲ್ಲಿ ಪೆಟ್ರೋಲ್ ಸುಲಭಕ್ಕೆ ಕುದಿಯುವುದಿಲ್ಲ. ಈಗೀಗ ಎಲ್ಲ ರೋಗಕ್ಕೂ ಇ20 ಒಂದೇ ಕಾರಣ ಆಗಿಬಿಟ್ಟಿದೆ ಮಾರಾಯ್ರೆ.

ಕುಂಬಳೆ_14:
ಧನ್ಯವಾದ. ಇವತ್ತು ಬಿಸಿಯಲ್ಲಿ ಕೈ ಕೊಟ್ಟಾಗ ನೋಡಿದೆ: ಸೆಲ್ಫ್ ತಿರುಗುತ್ತಿದ್ದಾಗಲೂ ಆರ್‌ಪಿಎಂ 0. ಸೆನ್ಸರ್ ತರಿಸುತ್ತೇನೆ. ಬೆಳಗಿನ ತೊಂದರೆಯೂ ಅದರದ್ದೆಯಾ?

ಮಂಜೇಶ್ವರ_ಎಲೆಕ್ಟ್ರಿಕಲ್:
ಅದು ಬೇರೆ ಇರಬೇಕು, ಎರಡನ್ನೂ ಒಂದೇ ಗಂಟಿಗೆ ಕಟ್ಟಬೇಡಿ. ರಾತ್ರಿ ನಿಂತ ಗಾಡಿಯಲ್ಲಿ ಸೆಲ್ಫ್ ಹೊಡೆಯದೆ ಕೀ ಎರಡನೇ ಪಾಯಿಂಟಿಗೆ ತಂದು ಮೂರು ಸೆಕೆಂಡ್ ನಿಲ್ಲಿಸಿ, ಆಫ್ ಮಾಡಿ. ಇನ್ನೊಮ್ಮೆ ಹಾಗೆಯೇ. ಮೂರನೆಯ ಸಲ ಸ್ಟಾರ್ಟ್ ಮಾಡಿ. ತಕ್ಷಣ ಹಿಡಿದರೆ ರಾತ್ರಿ ರೈಲಿನ ಒತ್ತಡ ಇಳಿಯುತ್ತಿದೆ: ಪೆಟ್ರೋಲ್ ಹಿಂದೆ ಹೋಗದಂತೆ ತಡೆಯುವ ಪಂಪಿನ ಚೆಕ್ ವಾಲ್ವ್, ಫಿಲ್ಟರಿನ ಜೊತೆಗಿರುವ ಒತ್ತಡದ ರೆಗ್ಯುಲೇಟರ್, ಅಥವಾ ಸೋರುವ ಇಂಜೆಕ್ಟರ್. ಒತ್ತಡದ ಗೇಜ್ ಹಾಕಿ ಖಚಿತ ಮಾಡಿಕೊಳ್ಳದೆ ಟ್ಯಾಂಕ್ ಬಿಚ್ಚಿಸಬೇಡಿ.

ಮಳೆಯಲ್ಲಿ ಮಾತ್ರ ಆಗುತ್ತದೆ ಅಂದರೆ ಡಿಕ್ಕಿ ನೋಡಿ. ಈ ಮಾಡೆಲಿನಲ್ಲಿ ಹಿಂದಿನ ಫ್ಯೂಸ್ ಬಾಕ್ಸ್ ಡಿಕ್ಕಿಯ ಎಡ ಲೈನಿಂಗ್ ಹಿಂದೆ ಉಂಟು, ಪಂಪ್ ರಿಲೇ ಅಲ್ಲೇ. ಟೈಲ್ ಲ್ಯಾಂಪಿನ ಗ್ಯಾಸ್ಕೆಟ್ ಒಣಗಿದರೆ ನಮ್ಮ ಜೂನ್-ಜುಲೈ ಮಳೆಗೆ ನೀರು ಒಳಗೆ ಇಳಿಯುತ್ತದೆ. ಕಾರ್ಪೆಟ್ ಎತ್ತಿ ಕೈಯಲ್ಲಿ ಮುಟ್ಟಿ, ಬ್ಯಾಟರಿ ಕೂರುವ ಗುಂಡಿ ನೋಡಿ. ಫ್ಯೂಸ್, ರಿಲೇಗಳ ಕಾಲುಗಳಲ್ಲಿ ಹಸಿರು ಕಿಲುಬು ಕಂಡರೆ ಬ್ಯಾಟರಿ ನೆಗೆಟಿವ್ ತೆಗೆದು ಕಾಂಟ್ಯಾಕ್ಟ್ ಕ್ಲೀನರ್ ಹಾಕಿ ಒಣಗಿಸಿ, ಮೊದಲು ಗ್ಯಾಸ್ಕೆಟ್ ಬದಲಾಯಿಸಿ. ರಿಲೇ ಪರೀಕ್ಷೆಗೆ ಪಕ್ಕದ ಅದೇ ನಂಬರಿನ ರಿಲೇ ಅದಲುಬದಲು ಮಾಡಿದರೆ ಸಾಕು.

ಹೊಸ ಬ್ಯಾಟರಿಯನ್ನೂ ಒಮ್ಮೆ ಅಳೆಯಿರಿ. ರಾತ್ರಿ ನಿಂತ ಮೇಲೆ 12.6 ವೋಲ್ಟ್ ಆಸುಪಾಸು ಇರಬೇಕು, ಸೆಲ್ಫ್ ಹೊಡೆಯುವಾಗ 10ಕ್ಕಿಂತ ಕೆಳಗೆ ಹೋಗಬಾರದು. ಬಾನೆಟ್ ಅಡಿಯಲ್ಲಿ ಸಣ್ಣ ಎರಡನೇ ಬ್ಯಾಟರಿಯೂ ಉಂಟು, ಹೆಚ್ಚಿನವರಿಗೆ ಅದು ಇರುವುದೇ ಗೊತ್ತಿಲ್ಲ.

ಇನ್ನೊಂದು: 2004ರದ್ದಾದ್ದರಿಂದ ಎಸ್‌ಬಿಸಿ ಬ್ರೇಕ್, ಕರೆಂಟಿನ ಮೇಲೆ ನಡೆಯುವಂಥದ್ದು. ಸ್ಟಾರ್ಟ್ ಆಗದ ಗಾಡಿಯನ್ನು ಇಳಿಜಾರಿನಲ್ಲಿ ನ್ಯೂಟ್ರಲ್ ಹಾಕಿ ಉರುಳಿಸಬೇಡಿ. ಬ್ರೇಕಿನ ಕೆಂಪು ಸೂಚನೆ ಬಂದರೆ ಫ್ಲ್ಯಾಟ್‌ಬೆಡ್‌ನಲ್ಲೇ ಸಾಗಿಸಿ.